ಜ್ವಾಲೆಯಿಲ್ಲದ ಒಲೆ



ತಮ್ಮ ಮಾತೃಶ್ರೀಯವರ ಸ್ಮರಣಾರ್ಥವಾಗಿ ಈ ದತ್ತಿಯನ್ನು ಏರ್ಪಡಿಸಿರುವ ಸೋದರಿಯರು, ಇಲ್ಲಿ ಮಾಡತಕ್ಕ ಉಪನ್ಯಾಸವು ಗೃಹಜೀವನಕ್ಕೆ ನೇರವಾಗಿ ಉಪಯೋಗಕ್ಕೆ ಬರುವಂಥ ವಿಜ್ಞಾನವಿಷಯವನ್ನು ಕುರಿತಿರಬೇಕೆಂದು ನಿಬಂಧನೆ ಮಾಡಿದ್ದಾರೆ. ನಾನು ಆರಿಸಿಕೊಂಡಿರುವುದು ಇಂಡಕ್ಷನ್ ಒಲೆಯ ಸುರಕ್ಷತೆಯ ವಿಷಯವನ್ನು. ಭೌತಶಾಸ್ತ್ರದ ಅಧ್ಯಾಪಕನೆಂಬ ಕಾರಣದಿಂದ, ಕೆಲವು ವರ್ಷಗಳಿಂದ ನೆರೆಹೊರೆಯವರೂ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ನನ್ನನ್ನು ಮತ್ತೆ ಮತ್ತೆ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಇಂಡಕ್ಷನ್ ಒಲೆಯಿಂದ ರೇಡಿಯೇಶನ್ ಬರುತ್ತದಂತೆ, ನಿಜವೆ?" ಈ ಪ್ರಶ್ನೆಯನ್ನು ಕೇಳಿದವರು ನೂರು ಮಂದಿ ಇದ್ದಾರು, ಆದರೆ "ಈ ಒಲೆಯನ್ನು ಯಾವ ಪ್ಲಗ್ಗಿಗೆ ಹಾಕಬೇಕು?" ಎಂದು ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ. ನಮ್ಮ ಭಯವು ಎಲ್ಲಿ ನೆಲೆಸಿದೆಯೋ ಅಪಾಯವು ಅಲ್ಲಿ ಹೆಚ್ಚಾಗಿ ಇಲ್ಲ. ಅಪಾಯವು ಎಲ್ಲಿದೆಯೋ ಅಲ್ಲಿ ನಮಗೆ ಭಯವಿಲ್ಲ. ಈ ವ್ಯತ್ಯಾಸವನ್ನು ಕುರಿತು ತಮ್ಮೊಡನೆ ವಿಚಾರಮಾಡುವುದೇ ನನ್ನ ಇಂದಿನ ಉದ್ದೇಶ.

ನನ್ನ ತಾಯಿಯವರು ಅಡುಗೆ ಮಾಡುತ್ತಿದ್ದುದು ಸೌದೆಯ ಒಲೆಯಲ್ಲಿ. ಆ ಒಲೆಯನ್ನು ನಾನು ಸ್ತುತಿಸುವವನಲ್ಲ. ಹಸಿಸೌದೆಯ ಹೊಗೆಯಲ್ಲಿ ಊದುಗೊಳವೆಯನ್ನು ಹಿಡಿದು ಊದಿ ಊದಿ ಕೆಂಪಾದ ಅವರ ಕಣ್ಣುಗಳನ್ನೂ, ಮುಂಜಾನೆ ಅಡುಗೆಮನೆಯಿಂದ ಕೇಳಿಬರುತ್ತಿದ್ದ ಕೆಮ್ಮನ್ನೂ ಬಲ್ಲ ಮಗನು ಆ ಒಲೆಯನ್ನು ಹಾಡಿ ಹೊಗಳಲಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರವು, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಕಳುಹಿಸುವ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಲಪಿಸಿದ್ದನ್ನು ನಾನು ಈ ನಾಡಿನ ವಿಜ್ಞಾನದ ಅತಿ ದೊಡ್ಡ ಸೇವೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಆದರೂ ಸೌದೆಯ ಒಲೆಗೆ ಒಂದು ಗುಣವಿತ್ತು: ಅದು ತನ್ನ ಇರವನ್ನು ಎಂದಿಗೂ ಬಚ್ಚಿಡುತ್ತಿರಲಿಲ್ಲ. ಉರಿ ಹೆಚ್ಚಿದರೆ ಗೋಡೆಯ ಮೇಲೆ ಬೆಳಕು ಕುಣಿಯುತ್ತಿತ್ತು. ಕೊಳ್ಳಿ ಜಾರಿದರೆ ಕಿಡಿ ಸಿಡಿದ ಸದ್ದಾಗುತ್ತಿತ್ತು. ಉರಿ ಆರಿದ ಮೇಲೂ ಬೂದಿಯೊಳಗಿನ ಕೆಂಡವು ಕೈಯನ್ನು ಹತ್ತಿರಕ್ಕೆ ತಂದೊಡನೆಯೇ ಎಚ್ಚರಿಸುತ್ತಿತ್ತು. ಅದರ ಅನಂತರ ಬಂದ ಸೀಮೆಎಣ್ಣೆಯ ಪಂಪ್ ಸ್ಟವ್ ಭೋರ್ಗರೆಯುತ್ತಿತ್ತು. ಅದು ಎಚ್ಚರಿಸಿದರೂ ಕ್ರೂರವಾದುದೇ ಆಗಿತ್ತು. ನನ್ನ ಚಿಕ್ಕಮ್ಮನವರ ಸೆರಗಿಗೆ ಅದರ ಜ್ವಾಲೆ ತಗುಲಿ, ಕತ್ತಿನಿಂದ ಮೊಣಕೈವರೆಗೆ ಉಳಿದ ಸುಟ್ಟ ಗಾಯದ ಸುಕ್ಕುಗಳನ್ನು ಅವರು ಕೊನೆಯವರೆಗೂ ಉದ್ದ ತೋಳಿನ ರವಿಕೆಯಿಂದ ಮುಚ್ಚಿಕೊಂಡೇ ಬಾಳಿದರು. ಅನಿಲದ ಒಲೆಯ ವಿಷಯದಲ್ಲಿಯಾದರೋ, ಸಿಲಿಂಡರಿನ ಅನಿಲಕ್ಕೆ ಸ್ವಭಾವತಃ ವಾಸನೆಯೇ ಇಲ್ಲದಿರಲು, ಸೋರಿದರೆ ತಿಳಿಯಲೆಂದು ಅದಕ್ಕೆ ದುರ್ಗಂಧದ ದ್ರವ್ಯವೊಂದನ್ನು ಬುದ್ಧಿಪೂರ್ವಕವಾಗಿ ಬೆರೆಸಿದರು. ಗಾಳಿಗಿಂತ ಭಾರವಾದ ಆ ಅನಿಲವು ನೆಲದಲ್ಲಿ ಹರಡಿ ನಿಲ್ಲುವುದರಿಂದ, ವಾಸನೆ ಬಂದೊಡನೆ ಸ್ವಿಚ್ಚನ್ನು ಮುಟ್ಟದೆ ಕಿಟಕಿ ಬಾಗಿಲುಗಳನ್ನು ತೆರೆಯಬೇಕೆಂಬುದನ್ನು ಮನೆಮನೆಯ ಹೆಣ್ಣುಮಕ್ಕಳೂ ಕಲಿತರು. ಹೀಗೆ ಕಣ್ಣು, ಕಿವಿ, ಮೂಗು, ಚರ್ಮ ಇವುಗಳ ಮೂಲಕವಾಗಿಯೇ ಬೆಂಕಿಯ ಜ್ಞಾನವು ತಾಯಿಯಿಂದ ಮಗಳಿಗೆ ಸಾಗಿಬಂದಿತು. ಇಂಡಕ್ಷನ್ ಒಲೆಯಲ್ಲಿ ಬೆಳಕಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಒಳಗಿನ ಸಣ್ಣ ಫ್ಯಾನಿನ ಸದ್ದನ್ನು ಬಿಟ್ಟರೆ ಬೇರೆ ನುಡಿಯಿಲ್ಲ. ಇಂದ್ರಿಯಗಳು ಇದುವರೆಗೆ ಮಾಡುತ್ತಿದ್ದ ಕಾವಲನ್ನು ಇನ್ನು ಮುಂದೆ ತಿಳಿವಳಿಕೆಯು ಮಾಡಬೇಕಾಗಿದೆ.

ಆ ತಿಳಿವಳಿಕೆಯ ಮೂಲವು ಬಹಳ ಹಿಂದಿನದು. 1831ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಮಹಾಶಯನು ಮೆದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆಗಳಲ್ಲಿ ತಂತಿಯ ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಯಬಿಟ್ಟ ಕ್ಷಣದಲ್ಲಿಯೂ ನಿಲ್ಲಿಸಿದ ಕ್ಷಣದಲ್ಲಿಯೂ, ಅದಕ್ಕೆ ತಗುಲದೆಯೇ ಇದ್ದ ಮತ್ತೊಂದರಲ್ಲಿ ವಿದ್ಯುತ್ತು ಮಿಡಿಯುವುದನ್ನು ಕಂಡನು. ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ಹರವಿನೊಳಗಿರುವ ಲೋಹದಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದೆ ಎಂಬುದೇ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ. 1855ರಲ್ಲಿ ಫ್ರಾನ್ಸಿನ ಫೂಕೋ ಎಂಬಾತನು, ಕಾಂತಧ್ರುವಗಳ ನಡುವೆ ಗಿರಗಿರನೆ ತಿರುಗಿಸಿದ ತಾಮ್ರದ ತಟ್ಟೆಯು ಬಿಸಿಯಾಗುವುದನ್ನು ತೋರಿಸಿಕೊಟ್ಟನು. ಲೋಹದೊಳಗೆ ಹೊಳೆಯ ಸುಳಿಗಳಂತೆ ಸುತ್ತುವ ಆ ಪ್ರವಾಹಗಳಿಗೆ ಸುಳಿಪ್ರವಾಹಗಳೆಂದು ಹೆಸರು. ಇಂದಿನ ಒಲೆಯ ಗಾಜಿನ ಹಾಸಿನ ಕೆಳಗೆ ಇರುವುದು ಸಣ್ಣ ಎಳೆಗಳನ್ನು ಹೊಸೆದು ಮಾಡಿದ ತಾಮ್ರದ ತಂತಿಯ ಚಪ್ಪಟೆ ಸುರುಳಿ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50ರ ಆವರ್ತನದ್ದಾದರೆ, ಒಲೆಯೊಳಗಿನ ಸಾಧನವು ಅದನ್ನು ಸೆಕೆಂಡಿಗೆ 20 ಸಾವಿರಕ್ಕೂ ಮೇಲ್ಪಟ್ಟ ಆವರ್ತನಕ್ಕೆ ಮಾರ್ಪಡಿಸಿ ಆ ಸುರುಳಿಗೆ ಕೊಡುತ್ತದೆ. ಆಗ ಮೇಲಿಟ್ಟ ಪಾತ್ರೆಯ ತಳದಲ್ಲಿ ಸುಳಿಪ್ರವಾಹಗಳು ಏಳುತ್ತವೆ; ಪಾತ್ರೆಯು ಕಬ್ಬಿಣದ್ದಾಗಿದ್ದರೆ, ಅದರ ಕಾಂತಗುಣದ ದೆಸೆಯಿಂದ ಆ ಪ್ರವಾಹದ ಬಹುಭಾಗವು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳುವಾದ ಪದರದಲ್ಲಿ ಇರುಕಿಕೊಂಡು ಹರಿಯಬೇಕಾಗಿ ಬಂದು, ತಳವು ಕಾಯುತ್ತದೆ. ಅಂದರೆ ಈ ಒಲೆಯಲ್ಲಿ ಕಾಯುವುದು ಒಲೆಯಲ್ಲ, ಪಾತ್ರೆ. ತಾಮ್ರದ ತಪ್ಪಲೆಯೂ ಅಲ್ಯುಮಿನಿಯಮ್ಮಿನ ಡಬರಿಯೂ ಇದರ ಮೇಲೆ ಸುಮ್ಮನೆ ಕುಳಿತಿರುತ್ತವೆ, ಮಲೆನಾಡಿನವರ ಕಲ್ಲುಮರಿಗೆಯಂತೂ ಇದರ ಪಾಲಿಗೆ ಇಲ್ಲದಂತೆಯೇ. ಪಾತ್ರೆಯು ತಕ್ಕುದೋ ಅಲ್ಲವೋ ಎಂದು ತಿಳಿಯಲು ಸಣ್ಣ ಅಯಸ್ಕಾಂತವೊಂದನ್ನು ತಳಕ್ಕೆ ಹಿಡಿದರೆ ಸಾಕು. ಅದು ಬಿಗಿಯಾಗಿ ಅಂಟಿಕೊಂಡರೆ ಅಡುಗೆ ಆಗುತ್ತದೆ. ಪಾತ್ರೆಯೊಳಗೆ ಬೇಯುವ ಅನ್ನಕ್ಕೂ ಸಾರಿಗೂ ಸಿಕ್ಕುವುದು ಬಿಸಿಯಾದ ಲೋಹದ ಶಾಖವೇ ಹೊರತು ಬೇರೆ ಏನೂ ಅಲ್ಲ. ಸೌದೆಯ ಒಲೆಯ ಮೇಲೂ ಅದಕ್ಕೆ ಸಿಕ್ಕುತ್ತಿದ್ದುದು ಅದೇ.

ಇನ್ನು ಜನರು ಅಂಜುವ ಆ ರೇಡಿಯೇಶನ್ನಿನ ಮಾತು. ವಿಕಿರಣವೆಂಬ ಪದವನ್ನು ಕೇಳಿದೊಡನೆ ಎಕ್ಸ್-ಕಿರಣವೂ ಅಣುಬಾಂಬೂ ಮನಸ್ಸಿಗೆ ಬರುವುದು ಸಹಜ. ಆದರೆ ಎಕ್ಸ್-ಕಿರಣವು ದೇಹದ ಅಣುಗಳನ್ನು ಒಡೆಯಬಲ್ಲುದಾದುದು ಅದರ ಅಪಾರವಾದ ಆವರ್ತನದಿಂದ. ಬೆಂಗಳೂರು ಆಕಾಶವಾಣಿಯು 612 ಕಿಲೋಹರ್ಟ್ಸ್‌ನಲ್ಲಿ ಪ್ರಸಾರಮಾಡುವುದನ್ನು ತಾವೆಲ್ಲ ಬಲ್ಲಿರಿ. ಆ ರೇಡಿಯೋ ತರಂಗದ ಆವರ್ತನವು ಕೂಡ ಈ ಒಲೆಯದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಅಣುವನ್ನು ಒಡೆಯುವ ಶಕ್ತಿಯು ಈ ಕ್ಷೇತ್ರಕ್ಕೆ ಇಲ್ಲವೇ ಇಲ್ಲ. ಹಾಗೆಂದು ಕ್ಷೇತ್ರವೇ ಇಲ್ಲವೆಂದು ಹೇಳಿ ಪ್ರಶ್ನೆಯನ್ನು ತಳ್ಳಿಹಾಕುವುದು ಅಧ್ಯಾಪಕನಿಗೆ ತಕ್ಕುದಲ್ಲ. ಪಾತ್ರೆಯಲ್ಲಿ ಪ್ರವಾಹವನ್ನು ಎಬ್ಬಿಸುವ ಕಾಂತಕ್ಷೇತ್ರವು ಹತ್ತಿರ ನಿಂತವರ ದೇಹದಲ್ಲಿಯೂ ಅತ್ಯಲ್ಪವಾದ ಪ್ರವಾಹವನ್ನು ಎಬ್ಬಿಸಬಲ್ಲುದು. ಇದಕ್ಕಾಗಿಯೇ ಅಯಾನೀಕರಿಸದ ವಿಕಿರಣಗಳ ವಿಷಯದ ಅಂತರರಾಷ್ಟ್ರೀಯ ಆಯೋಗವು ಸಾಮಾನ್ಯ ಜನರಿಗೆ ಮಿತಿಯನ್ನು ಗೊತ್ತುಮಾಡಿದೆ: ಈ ಆವರ್ತನಗಳಿಗೆ 1998ರಲ್ಲಿ 6.25 ಮೈಕ್ರೋಟೆಸ್ಲಾ ಎಂದಿದ್ದುದನ್ನು, ಹೊಸ ಪರಿಶೀಲನೆಯ ಮೇಲೆ 2010ರಲ್ಲಿ 27 ಮೈಕ್ರೋಟೆಸ್ಲಾಕ್ಕೆ ಏರಿಸಿತು. ಒಲೆಗಳನ್ನು ಪರೀಕ್ಷಿಸುವವರು ಅಳೆಯುವುದು ಒಲೆಯಿಂದ 30 ಸೆಂಟಿಮೀಟರ್ ದೂರದಲ್ಲಿ. ಅಡುಗೆ ಮಾಡುವವರಾದರೋ ಕೆಲವು ವೇಳೆ ಅದಕ್ಕಿಂತಲೂ ಸಮೀಪದಲ್ಲಿ, ಕಟ್ಟೆಗೆ ಒರಗಿಯೇ ನಿಲ್ಲುತ್ತಾರೆ. ದೊಡ್ಡ ಸುರುಳಿಯ ಮೇಲೆ ಚಿಕ್ಕ ಪಾತ್ರೆಯನ್ನಿಟ್ಟರೆ, ಅಥವಾ ಪಾತ್ರೆಯನ್ನು ನಡುವಿನಿಂದ ಸರಿಸಿ ಓರೆಯಾಗಿಟ್ಟರೆ, ಮುಚ್ಚದೆ ಉಳಿದ ಭಾಗದಿಂದ ಕ್ಷೇತ್ರವು ಹೊರಚೆಲ್ಲುತ್ತದೆ. ಆದುದರಿಂದ ಸ್ವಿಟ್ಜರ್ಲೆಂಡಿನ ಆರೋಗ್ಯ ಇಲಾಖೆಯು ಕೊಟ್ಟಿರುವ ಬುದ್ಧಿವಾದವು ನನಗೆ ಯುಕ್ತವೆಂದು ತೋರುತ್ತದೆ: ಒಲೆಯ ಮೇಲೆ ಗುರುತಿಸಿದ ವೃತ್ತಕ್ಕೆ ಸರಿಯಾದ ಅಳತೆಯ ಪಾತ್ರೆಯನ್ನು ನಡುಮಧ್ಯದಲ್ಲಿಡಿ, ಸ್ವಲ್ಪ ದೂರ ಕಾಯ್ದುಕೊಳ್ಳಿ, ಲೋಹದ ಸೌಟನ್ನು ಬಳಸಬೇಡಿ. ಗರ್ಭಿಣಿಯರು ಒಲೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರೆ, ಮರದ ಸೌಟನ್ನು ಹಿಡಿದರೆ, ಅದರಿಂದ ಆಗುವ ನಷ್ಟವೇನೂ ಇಲ್ಲ. ಭಯಪಟ್ಟು ಒಲೆಯನ್ನೇ ಬಿಡುವುದಕ್ಕಾಗಲಿ, ಭಯವೇ ಮೂರ್ಖತನವೆಂದು ನಗುವುದಕ್ಕಾಗಲಿ ಇಲ್ಲಿ ಕಾರಣವಿಲ್ಲ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ನಮ್ಮ ಮನೆಗಳಿಗೆ ವಿದ್ಯುತ್ತು ಬಂದುದೂ ದೀಪದ ರೂಪದಲ್ಲಿಯೇ. ಹಳೆಯ ಮನೆಗಳ ಗೋಡೆಗಳಲ್ಲಿರುವ ತಂತಿಗಳು ನಾಲ್ಕು ಬಲ್ಬು, ಒಂದು ರೇಡಿಯೋ, ಬಹಳವೆಂದರೆ ಒಂದು ಫ್ಯಾನು ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದವು. ಅಡುಗೆಯ ಭಾರವನ್ನು ಹೊರಬೇಕಾದೀತೆಂದು ಆ ತಂತಿಗಳಿಗೆ ಯಾರೂ ಹೇಳಿರಲಿಲ್ಲ. 2000 ವ್ಯಾಟಿನ ಒಲೆಯು 230 ವೋಲ್ಟಿನಲ್ಲಿ ಸೆಳೆಯುವ ಪ್ರವಾಹವು ಸುಮಾರು 8.7 ಆಂಪಿಯರು. ಎಲೆಕ್ಟ್ರಿಷಿಯನ್ನರು ಇಂದಿಗೂ ಫೈವ್ ಆಂಪ್ಸ್ ಎಂದೇ ಕರೆಯುವ ಸಣ್ಣ ಸಾಕೆಟ್ಟು ತಾಳತಕ್ಕದ್ದು 6 ಆಂಪಿಯರನ್ನು ಮಾತ್ರ. ಇವೆರಡರ ಅಂತರವು ಅಲ್ಪವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಉಷ್ಣವು ಪ್ರವಾಹದ ವರ್ಗದಂತೆ ಏರುತ್ತದೆಂಬುದು ಜೌಲ್ ಎಂಬ ವಿಜ್ಞಾನಿಯು ಕಂಡುಕೊಂಡ ನಿಯಮ. ಆ ಲೆಕ್ಕದಲ್ಲಿ ಸಣ್ಣ ಸಾಕೆಟ್ಟಿನಲ್ಲಿ ಹುಟ್ಟುವ ಬಿಸಿಯು ಅದು ತಾಳಬೇಕಾದುದರ ಎರಡು ಪಾಲಿಗೂ ಮೀರುತ್ತದೆ. ಇನ್ನು ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತವು ಸಡಿಲವಾಗಿದ್ದರಂತೂ ಹೇಳತಕ್ಕದ್ದೇ ಇಲ್ಲ. ಆ ಸಡಿಲ ಸ್ಥಳದಲ್ಲಿ ಅರ್ಧ ಓಮ್‌ನಷ್ಟು ರೋಧವಿದ್ದಿತೆಂದು ಇಟ್ಟುಕೊಂಡರೂ ಅಲ್ಲಿ 38 ವ್ಯಾಟಿನಷ್ಟು ಉಷ್ಣವು ಹುಟ್ಟುತ್ತದೆ. ರೇಡಿಯೋ ದುರಸ್ತಿಯವನು ಸೀಸದ ಬೆಸುಗೆಗೆ ಬಳಸುವ ಸಾಲ್ಡರಿಂಗ್ ಐರನ್ನು 25 ವ್ಯಾಟಿನದು. ಅದಕ್ಕಿಂತ ಬಲವಾದ ಬೆಸುಗೆಯ ಕೋಲೊಂದು ತಮ್ಮ ಗೋಡೆಯೊಳಗೆ, ಪ್ಲಾಸ್ಟಿಕ್ಕಿನ ಮುಚ್ಚಳದ ಹಿಂದೆ, ಅನ್ನ ಬೇಯುವಷ್ಟು ಹೊತ್ತೂ ದಿನದಿನವೂ ಕಾಯುತ್ತಿದೆಯೆಂದು ಭಾವಿಸಿ ನೋಡಿರಿ. ದಪ್ಪ ಪಿನ್ನಿನ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸಲು ಅಂಗಡಿಗಳಲ್ಲಿ ಮಾರುವ ಕನ್ವರ್ಟರನ್ನೂ, ಟೀವಿಗೆಂದು ತಂದ ಎಕ್ಸ್‌ಟೆನ್ಷನ್ ಬೋರ್ಡನ್ನೂ ಈ ಒಲೆಗೆ ಬಳಸುವುದನ್ನು ನಾನು ಕಂಡಾಗಲೆಲ್ಲ ನನಗೆ ಚಿಕ್ಕಮ್ಮನವರ ರವಿಕೆಯ ಉದ್ದ ತೋಳು ನೆನಪಾಗುತ್ತದೆ.

ನಮ್ಮ ಮನೆಯಲ್ಲಿಯೇ ಒಂದು ಸಂಜೆ, ಹಾಲು ಕಾಯಿಸುತ್ತಿದ್ದಾಗ, ಸುಟ್ಟ ಮೀನಿನಂಥ ವಾಸನೆಯೊಂದು ಬಂದಿತು. ಪಾತ್ರೆಯನ್ನು ನೋಡಿದೆವು, ಒಲೆಯನ್ನು ನೋಡಿದೆವು, ಏನೂ ಇರಲಿಲ್ಲ. ಕೊನೆಗೆ ಪ್ಲಗ್ಗನ್ನು ಕೀಳಹೋದಾಗ ಅದು ಕೈ ಸುಡುವಷ್ಟು ಬಿಸಿಯಾಗಿದ್ದುದೂ, ಸಾಕೆಟ್ಟಿನ ಒಂದು ತೂತು ಕಂದಾಗಿ ಕರಗಿದ್ದುದೂ ಕಂಡಿತು. ಪ್ಲಾಸ್ಟಿಕ್ಕು ಬೇಯುವ ಆ ವಾಸನೆಯೇ ಈ ಒಲೆಯು ಕೊಡುವ ಕೆಲವೇ ಕೆಲವು ಎಚ್ಚರಿಕೆಗಳಲ್ಲಿ ಒಂದು. ಮಾಡಬೇಕಾದುದಾದರೋ ಬಹಳವೇನಿಲ್ಲ. ಈ ಒಲೆಗೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಅದಕ್ಕೆ ಮೀಟರು ಬೋರ್ಡಿನಿಂದ ಬೇರೆಯಾಗಿಯೇ 2.5 ಚದರ ಮಿಲಿಮೀಟರಿಗೆ ಕಡಮೆಯಿಲ್ಲದ ತಾಮ್ರದ ತಂತಿ ಬಂದಿರಬೇಕು. ಅರ್ತಿಂಗ್ ತಂತಿಯು ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೂ ನೆಲಕ್ಕೆ ಸೇರಿರಬೇಕು. 30 ಮಿಲಿಆಂಪಿಯರು ಸೋರಿದೊಡನೆ ಸಂಪರ್ಕವನ್ನು ಕಡಿಯುವ ಆರ್‌ಸಿಸಿಬಿಯು ಮನೆಯ ಬೋರ್ಡಿನಲ್ಲಿರಬೇಕು. ಒದ್ದೆ ಕೈಯೂ ಚೆಲ್ಲಿದ ಸಾರೂ ಸದಾ ಇರುವ ಅಡುಗೆಮನೆಯಲ್ಲಿ ಈ ಕೊನೆಯ ಎರಡನ್ನು ನಾನು ಒಲೆಗಿಂತಲೂ ಮೊದಲು ಕೊಳ್ಳತಕ್ಕ ವಸ್ತುಗಳೆಂದು ಹೇಳುತ್ತೇನೆ. ಗಾಜಿನ ಹಾಸಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಒಲೆಯನ್ನು ಆ ಕ್ಷಣವೇ ಪ್ಲಗ್ಗಿನಿಂದ ಬಿಡಿಸಬೇಕು, ಏಕೆಂದರೆ ಉಕ್ಕಿದ ಹಾಲು ಆ ಬಿರುಕಿನ ಮೂಲಕ ಒಳಗಿನ ವಿದ್ಯುತ್ತನ್ನು ಮುಟ್ಟುತ್ತದೆ.

ಇನ್ನು ಎಣ್ಣೆಯ ಮಾತು. ಈ ಒಲೆಯ ವೇಗವೇ ಅದರ ಗುಣವೂ ಹೌದು, ದೋಷವೂ ಹೌದು. ಅರ್ಧ ಕಿಲೋ ತೂಕದ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆಗೆ ಎರಡು ಚಮಚ ಎಣ್ಣೆಯನ್ನಿಟ್ಟು ಒಲೆಯನ್ನು 2000 ವ್ಯಾಟಿಗೆ ಏರಿಸಿದರೆ, ಎಣ್ಣೆಯೂ ಬಾಣಲೆಯೂ 200 ಡಿಗ್ರಿಯನ್ನು ಮುಟ್ಟಲು ಬೇಕಾಗುವುದು ಸುಮಾರು ಅರ್ಧ ನಿಮಿಷವೆಂದು ಲೆಕ್ಕದಿಂದ ತಿಳಿಯುತ್ತದೆ. ಸಾಸಿವೆಯ ಡಬ್ಬಿಯನ್ನು ಹುಡುಕಲು ಹಿಂದಕ್ಕೆ ತಿರುಗಿ, ಬಾಗಿಲಲ್ಲಿ ಹಾಲಿನವನಿಗೆ ಒಂದು ಮಾತು ಹೇಳಿ ಬರುವಷ್ಟರಲ್ಲಿ, ಎಣ್ಣೆಯು ಹೊಗೆಯಾಡಿ ಹೊತ್ತಿಕೊಳ್ಳುವ ಹಂತದ ಸಮೀಪಕ್ಕೆ ಹೋಗಿರುತ್ತದೆ. ಒಲೆಯೊಳಗೆ ಉಷ್ಣವನ್ನು ಗಮನಿಸುವ ಸಾಧನವುಂಟು, ನಿಜ. ಆದರೆ ಅದು ಕುಳಿತಿರುವುದು ಗಾಜಿನ ಕೆಳಗೆ. ಪಾತ್ರೆಯ ಬಿಸಿ ಗಾಜನ್ನು ದಾಟಿ ಅದಕ್ಕೆ ತಿಳಿಯುವಷ್ಟರಲ್ಲಿ ತೆಳುತಳದ ಪಾತ್ರೆಯು ಬಹಳ ಮುಂದೆ ಸಾಗಿರುತ್ತದೆ. ತಳ ಡೊಂಕಾದ ಪಾತ್ರೆಯ ವಿಷಯದಲ್ಲಿ ಇನ್ನೂ ತಡ. ಆದುದರಿಂದ ಒಗ್ಗರಣೆಗೂ ಕರಿಯುವುದಕ್ಕೂ ನಡುಮಟ್ಟದ ಶಾಖವೇ ಸಾಕು. ಎಣ್ಣೆ ಒಲೆಯ ಮೇಲಿರುವಾಗ ಬೆನ್ನು ತಿರುಗಿಸಲಾಗದು. ಒಂದು ವೇಳೆ ಹೊತ್ತಿಕೊಂಡರೆ ಒಲೆಯನ್ನು ಆರಿಸಿ ತಟ್ಟೆಯನ್ನೋ ಮುಚ್ಚಳವನ್ನೋ ಜಾರಿಸಿ ಮುಚ್ಚಬೇಕು. ನೀರನ್ನು ಎರಚಿದರೆ ಅದು ಎಣ್ಣೆಯ ಕೆಳಗೆ ಇಳಿದು ಒಮ್ಮೆಗೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಚಿಮ್ಮಿಸುತ್ತದೆ. ಮಾರಾಟಗಾರರು ಒಲೆಯ ಮೇಲೆ ಕಾಗದವನ್ನು ಹಾಸಿ ಅದರ ಮೇಲೆ ನೀರು ಕುದಿಸಿ, ಕಾಗದ ಸುಡಲಿಲ್ಲವೆಂದು ತೋರಿಸುವುದುಂಟು. ನೀರಿರುವ ಪಾತ್ರೆಯು 100 ಡಿಗ್ರಿಯನ್ನು ಹೆಚ್ಚಾಗಿ ಮೀರಲಾರದು, ಆದುದರಿಂದ ಸುಡಲಿಲ್ಲ. ಅದೇ ಕಾಗದದ ಮೇಲೆ ಎಣ್ಣೆಯ ಬಾಣಲೆಯನ್ನಿಟ್ಟಿದ್ದರೆ ಅದು ಕರಕಾಗುತ್ತಿತ್ತು. ಆ ಪ್ರದರ್ಶನವನ್ನು ಕಂಡವರು ಗಾಜು ಸದಾ ತಣ್ಣಗಿರುತ್ತದೆಂದು ನಂಬಿಬಿಡುತ್ತಾರೆ. ಪಾತ್ರೆಯನ್ನು ಇಳಿಸಿದ ಮೇಲೂ ಅದರ ಬಿಸಿಯನ್ನು ಹೀರಿದ ಗಾಜು ಮಗುವಿನ ಅಂಗೈಯನ್ನು ಸುಡಬಲ್ಲುದು, ಅದೂ ಸ್ವಲ್ಪವೂ ಕೆಂಪಾಗದೆ.

ಇಷ್ಟನ್ನೂ ಹೇಳಿದ ಮೇಲೆ ಇದರ ದೊಡ್ಡ ಉಪಕಾರವನ್ನು ಹೇಳದಿದ್ದರೆ ಅನ್ಯಾಯವಾದೀತು. ಸೆರಗಿಗೆ ಹತ್ತುವ ಜ್ವಾಲೆ ಇಲ್ಲಿಲ್ಲ; ಪಾತ್ರೆಯನ್ನು ಎತ್ತಿದೊಡನೆ ಶಾಖವು ಹುಟ್ಟುವುದೇ ನಿಲ್ಲುತ್ತದೆ; ಟೈಮರನ್ನು ಇಟ್ಟಿದ್ದರೆ ನಾವು ಮರೆತರೂ ಅದು ಆರಿಸುತ್ತದೆ; ಹೊಗೆ ಕೆಮ್ಮುಗಳಿಲ್ಲ. ಹಪ್ಪಳವನ್ನೂ ಗೊಜ್ಜಿನ ಬದನೆಕಾಯಿಯನ್ನೂ ಸುಡಲಾಗದೆಂಬುದು ನಮ್ಮ ಮನೆಯವರ ಕೊರತೆ; ಅದನ್ನು ಸಹಿಸಬಹುದು.

ಸಹಿಸಲಾಗದ ಕೊರತೆ ಬೇರೆಯೇ ಇದೆ. ದೃಷ್ಟಿಯಿಲ್ಲದ ನನ್ನ ಸಹೋದ್ಯೋಗಿಯೊಬ್ಬರು ಅನಿಲದ ಒಲೆಯ ತಿರುಪನ್ನು ಬೆರಳಿನಿಂದಲೂ ಉರಿಯನ್ನು ಕಿವಿಯಿಂದಲೂ ಅಳೆದು, ಯಾರ ಸಹಾಯವೂ ಇಲ್ಲದೆ ಅಡುಗೆ ಮಾಡಿಕೊಳ್ಳುತ್ತಿದ್ದವರು. ಜ್ವಾಲೆಯಿಲ್ಲದ ಒಲೆಯು ಅವರಿಗೆ ವರವಾಗಬೇಕಾಗಿತ್ತು. ಆದರೆ ಅವರ ಮಗನು ತಂದುಕೊಟ್ಟ ಒಲೆಯ ಮುಖವೆಲ್ಲ ನುಣುಪಾದ ಗಾಜು. ಗುಂಡಿಗಳೆಲ್ಲ ಅದರೊಳಗೆ ಬರೆದ ಚಿತ್ರಗಳು. ಮುಟ್ಟಿ ತಿಳಿಯೋಣವೆಂದರೆ ಮುಟ್ಟಿದೊಡನೆಯೇ ಅದು ಆಜ್ಞೆಯಾಗುತ್ತದೆ. ಅವರು ಅದನ್ನು ಕಪಾಟಿನಲ್ಲಿಟ್ಟರು. ಉಬ್ಬಿದ ಗುಂಡಿ, ತಿರುಗಿಸುವ ತಿರುಪು ಇರುವ ಒಲೆಗಳೂ ದೊರೆಯುತ್ತವೆಯಾದುದರಿಂದ ಕೊಳ್ಳುವವರು ಇದನ್ನು ಕೇಳಿ ಕೊಳ್ಳಬೇಕು. ಹಾಗೆಯೇ ಒಲೆಯ ಜೊತೆಗೆ ಬರುವ ಪುಸ್ತಿಕೆ: ನಾನು ಇಂದು ಹೇಳಿದುದರಲ್ಲಿ ಬಹುಭಾಗವು ಅದರಲ್ಲಿ ಅಚ್ಚಾಗಿದೆ, ಆದರೆ ನಮ್ಮ ಮನೆಗೆ ಬಂದ ಪುಸ್ತಿಕೆಯಲ್ಲಿ ಅದು ಇದ್ದುದು ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಒಲೆಯನ್ನು ಹೆಚ್ಚು ಬಳಸುವವರು ನನ್ನ ಅಕ್ಕ. ಅವರಿಗೆ ಆ ಭಾಷೆ ಬಾರದು. ಬೆಂಕಿಯನ್ನು ಮಾರುವವರು ಅದರ ಎಚ್ಚರಿಕೆಯನ್ನು ಅಡುಗೆ ಮಾಡುವವರ ಭಾಷೆಯಲ್ಲಿ ಕೊಡಬೇಕೆಂದು ಕೇಳುವುದು ನಮ್ಮ ಹಕ್ಕು. ಅಂಗಡಿಯಲ್ಲಿ ಹಣ ಕೊಡುವ ಮುನ್ನ ಕೇಳತಕ್ಕ ಹಕ್ಕು.

ಅಕ್ಕನ ಪ್ರಸ್ತಾಪ ಬಂದುದರಿಂದ ಕೊನೆಯದಾಗಿ ಒಂದು ಸಂಗತಿ. ಮೂರು ವರ್ಷದ ಹಿಂದೆ ಅವರ ಎದೆಯ ಎಡಭಾಗದಲ್ಲಿ, ಚರ್ಮದ ಕೆಳಗೆ, ಪೇಸ್‌ಮೇಕರನ್ನು ಇಟ್ಟರು. ಈ ಒಲೆಯ ಕಾಂತಕ್ಷೇತ್ರವನ್ನು ಕುರಿತು ನಾನು ಇತರರಿಗೆ ಕೊಟ್ಟ ಸಮಾಧಾನವು ಪೇಸ್‌ಮೇಕರ್ ಇರುವವರಿಗೆ ಪೂರ್ತಿಯಾಗಿ ಸಲ್ಲದು. ಹೃದಯದ ಸೂಕ್ಷ್ಮವಾದ ಮಿಡಿತವನ್ನು ಆಲಿಸುತ್ತಿರುವ ಆ ಯಂತ್ರಕ್ಕೆ ತೀರ ಸಮೀಪದ ಕ್ಷೇತ್ರವು ಸುಳ್ಳು ಮಿಡಿತದಂತೆ ಕೇಳಿಸಬಹುದು. ಪಾತ್ರೆ ಓರೆಯಾಗಿದ್ದು, ಲೋಹದ ಹಿಡಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರೆ ಆ ಸಂಭವವು ಹೆಚ್ಚು. ಅಂಥವರು ಒಲೆಗೂ ಯಂತ್ರಕ್ಕೂ ನಡುವೆ 60 ಸೆಂಟಿಮೀಟರ್, ಅಂದರೆ ಎರಡು ಅಡಿಯಷ್ಟು ದೂರವಿರಿಸಿಕೊಳ್ಳಬೇಕೆಂದು ಬ್ರಿಟನ್ನಿನ ಹೃದಯಾರೋಗ್ಯ ಸಂಸ್ಥೆಯು ಹೇಳುತ್ತದೆ; ಅಕ್ಕನ ವೈದ್ಯರೂ ಅದನ್ನೇ ಹೇಳಿದರು. ಮನೆಗೆ ಬಂದು ನೋಡಿದರೆ ತೊಂದರೆ ಕಣ್ಣೆದುರಿಗೇ ಇತ್ತು. ಮಂಡಿನೋವಿನವರಾದ ಅಕ್ಕ ನಿಂತು ಅಡುಗೆ ಮಾಡಲಾರದೆ, ಒಲೆಯನ್ನು ನೆಲದ ಮೇಲಿಟ್ಟುಕೊಂಡು, ಎದುರಿಗೆ ಮಣೆ ಹಾಕಿ ಕುಳಿತು, ಹುಳಿಯ ಮೇಲೆ ಬಾಗಿ ಕೈಯಾಡಿಸುತ್ತಿದ್ದರು; ಎದೆಗೂ ಪಾತ್ರೆಗೂ ನಡುವೆ ಒಂದೂವರೆ ಗೇಣೂ ಇರುತ್ತಿರಲಿಲ್ಲ. ಅವರಿಗೆ ಕೂರಲು ಎತ್ತರವಾದ ಸ್ಟೂಲನ್ನು ಮಾಡಿಸಿ, ಒಲೆಯನ್ನು ಕಟ್ಟೆಯ ಹಿಂದಿನ ಅಂಚಿಗೆ, ಗೋಡೆಯಿಂದ ಗಾಳಿಯಾಡುವಷ್ಟು ಬಿಟ್ಟು, ಸರಿಸಿದೆವು. ಪವರ್ ಪ್ಲಗ್ಗನ್ನು ಅಲ್ಲಿಗೇ ತಂದೆವು. ಬಡಗಿಯಿಂದ ಹಲಸಿನ ಮರದ ಉದ್ದ ಹಿಡಿಯ ಎರಡು ಸೌಟುಗಳನ್ನು ಮಾಡಿಸಿ ತಂದೆವು. ಸಾರಿಗೊಂದು, ಪಾಯಸಕ್ಕೊಂದು ಎಂದು ಅಕ್ಕ ಅವುಗಳನ್ನು ಬೇರೆ ಬೇರೆಯಾಗಿ ಗೋಡೆಗೆ ತೂಗುಹಾಕಿಕೊಂಡಿದ್ದಾರೆ.